ಪ್ರೊಸೆಸರ್ ವಿಚಾರಣೆ: ಬಳಕೆದಾರರ ಕೈಪಿಡಿ, ಪುಣಜನೂರು ಆವೃತ್ತಿ

ಯಾರಿಗಾಗಿ: ಚಾಮರಾಜನಗರಕ್ಕೆ ಹೋಗಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದು, ಒಳಗಿರುವುದು ಹೇಳಿದ ಪ್ರೊಸೆಸರ್ರೋ ಬರೀ ಸ್ಟಿಕ್ಕರ್ರೋ ಎಂದು ನಿದ್ದೆಗೆಟ್ಟವರಿಗೆ. ಸತ್ಯಮಂಗಲದ ಕಡೆ ಹೊರಟ ಲಾರಿಯನ್ನು ಪುಣಜನೂರು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರೆ ಕಾಗದಪತ್ರ ತೋರಿಸಬೇಕು. ಮುಂಗಾಜಿನ ಮೇಲೆ ಮಾದಪ್ಪನ ಹೆಸರಿದೆ ಎಂದರೆ ನಡೆಯದು. ಲ್ಯಾಪ್‌ಟಾಪಿಗೂ ಅದೇ ಕಾನೂನು.

ಬೇಕಾಗುವ ಸಾಮಗ್ರಿ: ಉಬುಂಟು ಅಥವಾ ಬೇರೆ ಯಾವುದಾದರೂ ಲಿನಕ್ಸ್. ಯಂತ್ರದಲ್ಲಿ ವಿಂಡೋಸ್ ಇದ್ದರೆ ಉಬುಂಟು ತುಂಬಿದ ಪೆನ್‌ಡ್ರೈವಿನಿಂದ ಬೂಟ್ ಮಾಡಿದರೂ ಆಯಿತು. ಎಲ್ಲ ಬಲ್ಲ ಭಾವಮೈದ, ಇದ್ದರೆ ಇರಲಿ. ಸ್ಕ್ರೂಡ್ರೈವರ್ ಬೇಡ, ಅವನ ಕೈಯಲ್ಲಿದ್ದರೆ ಮೊದಲು ಇಸಿದುಕೊಳ್ಳಿ.

ಹಂತ 1. ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಉಬುಂಟುವಿನಲ್ಲಿ ಟರ್ಮಿನಲ್ ತೆರೆಯುತ್ತದೆ. ಚಿತ್ರವಿಲ್ಲ, ಬಟನ್ನಿಲ್ಲ. ಯಂತ್ರ ಕೆಟ್ಟಿಲ್ಲ, ಅಪ್ಪಣೆಗೆ ಕಾಯುತ್ತಿದೆ.

ಹಂತ 2. ಎಲ್, ಎಸ್, ಸಿ, ಪಿ, ಯು: ಐದೂ ಸಣ್ಣಕ್ಷರ, ನಡುವೆ ಜಾಗ ಬಿಡದೆ ಟೈಪಿಸಿ ಎಂಟರ್ ಒತ್ತಿ. ಕ್ಯಾಪ್ಸ್ ಲಾಕ್ ಹಾಕಿ ಗದರಿದರೆ ಅಂಥ ಆಜ್ಞೆಯೇ ಇಲ್ಲ ಎನ್ನುತ್ತದೆ.

ಹಂತ 3. 'ಮಾಡೆಲ್ ನೇಮ್' ಸಾಲು ಓದಿ. ಇದು ಚಿಪ್ ತನ್ನ ಬಾಯಿಂದ ಹೇಳಿದ ಹೆಸರು. ಮೈಮೇಲೆ ಐ7, ಇಲ್ಲಿ ಐ3 ಎಂದಿದ್ದರೆ ಬಿಲ್ಲು ಎಲ್ಲಿಟ್ಟಿರಿ, ಹುಡುಕಿ.

ಹಂತ 4. 'ಸಿಪಿಯು' ಎದುರು 4 ಕಂಡೊಡನೆ ನಾಲ್ಕು ಕೋರ್ ಎಂದು ಊರಿಗೆಲ್ಲ ಸಾರಬೇಡಿ. ಕೆಳಗೆ ನೋಡಿ: ಸಾಕೆಟ್ 1, ಸಾಕೆಟ್ಟಿಗೆ ಕೋರ್ 2, ಕೋರಿಗೆ ಥ್ರೆಡ್ 2. ಗುಣಿಸಿದರೆ 4. ಇರುವುದು ಎರಡೇ ಕೋರ್, ಒಂದೊಂದಕ್ಕೂ ಎರಡೆರಡು ಕೆಲಸ ಹಚ್ಚಿದ್ದಾರೆ. ನಿಜವಾದ ಆರು ಕೋರ್ ಬೇಕಿದ್ದವರಿಗೆ 2008ರಲ್ಲೇ ಇಂಟೆಲ್ ಕ್ಸಿಯಾನ್ 7400 ಬಂದಿತ್ತು. ಅದರ ವಿನ್ಯಾಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಆದರೆ ಅದು ಸರ್ವರ್ ಮಾಲು, ತೊಡೆಯ ಮೇಲೆ ಕೂರುವುದಿಲ್ಲ.

ಹಂತ 5. ಇನ್ನೂ ಅನುಮಾನವೇ? 'ಪ್ರಾಕ್' ಫೋಲ್ಡರಿನ 'ಸಿಪಿಯುಇನ್ಫೋ' ಕಡತವನ್ನು 'ಕ್ಯಾಟ್' ಆಜ್ಞೆಯಿಂದ ತೆರೆಯಿರಿ. ಗಾತ್ರ ಕೇಳಿದರೆ 0 ಬೈಟ್, ತೆರೆದರೆ ಪುಟಗಟ್ಟಲೆ ವಿವರ! ಡಿಸ್ಕಿನಲ್ಲಿ ಇಂಥ ಕಡತವೇ ಇಲ್ಲ, ಕೇಳಿದ ಕ್ಷಣ ಲಿನಕ್ಸಿನ ತಿರುಳಾದ ಕರ್ನಲ್ ಬರೆದುಕೊಡುತ್ತದೆ. 'ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ' ಎನ್ನುವುದಿಲ್ಲ. 2.4 ಗಿಗಾಹರ್ಟ್ಸ್ ಚಿಪ್ ಇಲ್ಲಿ 800 ಮೆಗಾಹರ್ಟ್ಸ್ ಎಂದರೆ ಗಾಬರಿ ಬೇಡ; ಕೆಲಸವಿಲ್ಲದಾಗ ವೇಗ ತಗ್ಗಿಸಿ ಬ್ಯಾಟರಿ ಉಳಿಸುತ್ತಿದೆ. ಕರೆಂಟು ಹೋದಾಗ ಅದರ ಬೆಲೆ ತಿಳಿಯುತ್ತದೆ. 'ಬೋಗೋಮಿಪ್ಸ್' ಎದುರಿನ ದೊಡ್ಡ ಸಂಖ್ಯೆಗೆ ಮಾತ್ರ ಹಿಗ್ಗಬೇಡಿ. ಅದು ಕಾಯುವ ಹೊತ್ತನ್ನು ಅಳೆಯಲು ಕರ್ನಲ್ ಇಟ್ಟುಕೊಂಡ ಲೆಕ್ಕ, ವೇಗದ ಅಂಕಪಟ್ಟಿಯಲ್ಲ.

ಹಂತ 6. ಹಂತ 2ರ ಉತ್ತರದ ತಳಕ್ಕೆ ಬನ್ನಿ. ಲಿನಕ್ಸ್ ತೀರಾ ಹಳೆಯದಲ್ಲದಿದ್ದರೆ ಅಲ್ಲಿ ದೋಷಗಳ ಪಟ್ಟಿಯಿದೆ: 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್, ಆಮೇಲಿನವು. 'ಮಿಟಿಗೇಶನ್' ಎಂದಿದ್ದರೆ ತೇಪೆ ಬಿದ್ದಿದೆ. 'ವಲ್ನರಬಲ್' ಎಂದಿದ್ದರೆ ಅಪ್‌ಡೇಟ್ ಮಾಡಿ. ತನ್ನ ಹುಳುಕನ್ನು ಹೀಗೆ ಸಾಲಾಗಿ ಒಪ್ಪಿಸುವ ಮಾಲು ಯಾವ ಸಂತೆಯಲ್ಲೂ ಸಿಕ್ಕದು.

ಮುಖ್ಯ ಸೂಚನೆ: ಮೇಲಿನ ಆರೂ ಹಂತಗಳನ್ನು ಮನೆಗೆ ತಂದ ಮೇಲಲ್ಲ, ಅಂಗಡಿಯ ಮೇಜಿನ ಮೇಲೇ, ದುಡ್ಡು ಎಣಿಸುವ ಮೊದಲು ಮುಗಿಸಿ. ಪೆನ್‌ಡ್ರೈವ್ ಹಾಕಲು ಅಂಗಡಿಯವ ಬಿಡದಿದ್ದರೆ ಹಂತ 3ರ ಉತ್ತರ ಸಿಕ್ಕಿತೆಂದೇ ತಿಳಿದು ಮುಂದಿನ ಬಸ್ಸು ಹಿಡಿಯಿರಿ.