ಸಂಬಂಧಪಟ್ಟವರಿಗೆ, ಒಂದು ಪರದೇಶಿ ಫೋನಿನ ಪರವಾಗಿ

ಇವರಿಗೆ:
ಸಂಬಂಧಪಟ್ಟವರು,
ಎಲ್ಲಿದ್ದರೆ ಅಲ್ಲಿಗೆ.

ವಿಷಯ: ಹೊರದೇಶದಿಂದ ತಂದ ಅನ್‌ಲಾಕ್ಡ್ ಮೊಬೈಲ್ ಫೋನು ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ನಡೆಯುವ, ಹಾಗೂ ನಡೆಯದಿರುವ, ಕ್ರಮದ ಕುರಿತು.

ಮಾನ್ಯರೇ,

ಅನ್‌ಲಾಕ್ಡ್ ಫೋನು ಎಂದರೆ ಅಡವಿನಿಂದ ಬಿಡಿಸಿಕೊಂಡ ಫೋನು. ಅಮೆರಿಕದಲ್ಲಿ ಮೊಬೈಲ್ ಕಂಪನಿಗಳು ಫೋನನ್ನು ಕಂತಿನ ಮೇಲೆ ಕೊಡುತ್ತವೆ. ಸಾಮಾನ್ಯವಾಗಿ ಕಂತು ಮುಗಿಯುವ ತನಕ ಬೇರೆ ಕಂಪನಿಯ ಸಿಮ್ ಹಾಕಿದರೆ ಓಡದಂತೆ ಬೀಗ ಜಡಿದಿರುತ್ತವೆ. ದುಡ್ಡು ಕೊಟ್ಟು ಕೊಂಡ ಫೋನಿನ ಬೀಗವನ್ನು ಗಿರಾಕಿ ತೆಗೆಸಿಕೊಳ್ಳುವುದು ತಪ್ಪಲ್ಲ ಎಂದು ಹೇಳಲು ಅಲ್ಲಿ 2014ರಲ್ಲಿ ಒಂದು ಕಾಯ್ದೆಯೇ ಬರಬೇಕಾಯಿತು. ಐಫೋನಿನ ಸೆಟ್ಟಿಂಗ್ಸ್ ಒಳಗೆ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂಬ ಒಂದು ಸಾಲು ಇರುತ್ತದೆ. ಅದೇ ಋಣಮುಕ್ತ ಪತ್ರ. ಓದಿದವರು ಫೋನು ಇನ್ನು ಜಗತ್ತಿನ ಯಾವ ಮೂಲೆಯಲ್ಲೂ ನಡೆದೀತು ಎಂದುಕೊಳ್ಳುತ್ತಾರೆ. ಕಂಪನಿ ಹೇಳಿದ್ದು ಮಾತ್ರ ಇಷ್ಟೇ: ಈ ಫೋನಿಗೂ ತನಗೂ ಇನ್ನು ಸಂಬಂಧವಿಲ್ಲ. ಸಂಬಂಧಪಟ್ಟವರ ಪಟ್ಟಿಯಿಂದ ಮೊದಲು ಕಳಚಿಕೊಳ್ಳುವವರು ಇವರು.

ಎರಡನೆಯ ಬೀಗ ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಸ್ಯಾಮ್‌ಸಂಗ್ ಕಂಪನಿ 2013ರ ಗ್ಯಾಲಕ್ಸಿ ನೋಟ್ 3ರ ಕಾಲದಿಂದ ಹಲವು ಮಾದರಿಗಳನ್ನು ಪ್ರದೇಶವಾರು ಮಾರುತ್ತದೆ. ಮಾರಿದ ಪ್ರದೇಶದ ಸಿಮ್ಮನ್ನೇ ಮೊದಲು ಹಾಕಿ ಒಟ್ಟು ಐದು ನಿಮಿಷದ ಮೇಲೆ ಮಾತಾಡಿದರೆ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇದಕ್ಕಿಂತ ಸುಲಭದ ಷರತ್ತಿಲ್ಲ. ಆದರೆ ಗಲ್ಫಿನಿಂದ ತರುವ ಫೋನನ್ನು ಸೀಲು ಒಡೆಯದೆ ತರುವುದು ಈ ಕಡೆಯ ಮರ್ಯಾದೆ. ಅಂಗಡಿಯಲ್ಲಿ ಕೊಂಡ ಡಬ್ಬಿ ಹಾಗೇ ಅತ್ತರಿನ ಬಾಟಲಿ, ಖರ್ಜೂರದ ಪೊಟ್ಟಣಗಳ ನಡುವೆ ಕುಳಿತು ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಇಳಿದು, ಹುಮನಾಬಾದಿನ ಮನೆಯಲ್ಲಿ ನೆಂಟರೆಲ್ಲ ಸೇರಿದ ಮೇಲೆ ಒಡೆಯಬೇಕು. ಆಗ ಸೀಲಿನ ಜೊತೆ ಆ ಚೀಟಿಯೂ ಹರಿದು ಕಸಕ್ಕೆ ಹೋಗುತ್ತದೆ. ಐದು ನಿಮಿಷ ಮಾತಾಡಬೇಕಿದ್ದ ಊರು ಎರಡು ಸಾವಿರ ಕಿಲೋಮೀಟರಿಗೂ ಆಚೆ ಉಳಿದಿರುತ್ತದೆ.

ಬೀಗಗಳ ಕಥೆ ಇಲ್ಲಿಗೆ ಮುಗಿದು ಗಾಳಿಯ ಕಥೆ ಶುರುವಾಗುತ್ತದೆ. ಮೊಬೈಲ್ ಕಂಪನಿಗಳು ಬಳಸುವ ತರಂಗಗಳನ್ನು ಬ್ಯಾಂಡುಗಳಾಗಿ ಭಾಗ ಮಾಡಿ ನಂಬರು ಕೊಟ್ಟಿದ್ದಾರೆ. ಭಾರತದ 4ಜಿ ಹೆಚ್ಚಾಗಿ ನಡೆಯುವುದು 3, 5, 8, 40ನೇ ಬ್ಯಾಂಡುಗಳಲ್ಲಿ. ಅಂದರೆ 1800, 850, 900 ಮತ್ತು 2300 ಮೆಗಾಹರ್ಟ್ಜ್‌ನ ಸುತ್ತ. ಅಮೆರಿಕದ ಹಳ್ಳಿಗಾಡಿನ ಭಾರ ಹೊರುವವು 12, 13, 71. ಗಲ್ಫಿನಲ್ಲೂ ಯುರೋಪಿನಲ್ಲೂ 20ನೇ ಬ್ಯಾಂಡು ಉಂಟು, ಅದು 800ರದ್ದು. ನಮ್ಮದು 850. ಹೆಸರಿನಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡುವುದಿಲ್ಲ. ದುಬಾರಿ ಫೋನುಗಳಲ್ಲಿ ಇವೆಲ್ಲವೂ ತುಂಬಿರುತ್ತವೆ. ಪೇಚಾಟ ಒಂದೇ ದೇಶಕ್ಕೆಂದು ಮಾಡಿದ ಅಗ್ಗದ ಫೋನುಗಳದು. ಮುಂಭಾಗದ ಹೆಸರು ಒಂದೇ ಇದ್ದು ಡಬ್ಬಿಯ ಮೇಲಿನ ಮಾಡೆಲ್ ನಂಬರಿನ ಕೊನೆಯ ಅಕ್ಷರ ಬೇರೆಯಾದರೆ ಒಳಗಿನ ಬ್ಯಾಂಡೂ ಬೇರೆಯಾಗಬಹುದು. ಕೊಳ್ಳುವಾಗ ಹೆಸರನ್ನು ಎಲ್ಲರೂ ಓದುತ್ತಾರೆ, ನಂಬರನ್ನು ಯಾರೂ ಓದುವುದಿಲ್ಲ.

850ರ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್, ಶಾಲೆಯ ಅಡಿಪಟ್ಟಿಗಿಂತ ತುಸು ಹೆಚ್ಚು. 2300ರದ್ದು 13, ಒಂದು ಗೇಣೂ ಇಲ್ಲ. ಉದ್ದನೆಯ ತರಂಗ ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ; ಗಿಡ್ಡನೆಯದು ಗೋಡೆ ಕಂಡರೆ ಸುಸ್ತಾಗುತ್ತದೆ. ಬಸವಕಲ್ಯಾಣದ ಹಳೆಯ ಕಲ್ಲುಮನೆಯ ಗೋಡೆ ಬಿಸಿಲನ್ನೇ ಒಳಗೆ ಬಿಡದು. ಹೀಗಾಗಿ 5 ಮತ್ತು 8ನೇ ಬ್ಯಾಂಡು ಇಲ್ಲದ ಫೋನಿಗೆ ಮಾಳಿಗೆಯ ಮೇಲೆ ನಾಲ್ಕು ಕಡ್ಡಿ, ಪಡಸಾಲೆಯಲ್ಲಿ ಒಂದು, ಅಡುಗೆಮನೆಯಲ್ಲಿ ಸೊನ್ನೆ. ಫೋನು ತಯಾರಿಸಿದವರು ಹೇಳುತ್ತಾರೆ, ತಾವು ಆ ಊರಿಗೆ ಮಾರಲೇ ಇಲ್ಲ. ಅದೂ ಸರಿಯೇ.

ಕಡ್ಡಿಗಳೆಲ್ಲ ತುಂಬಿದರೂ ಮಾತು ಹೊರಡದ ಸ್ಥಿತಿ ಇನ್ನೊಂದು ಇದೆ. ಅಂಗಡಿಯವರ ಮಾತಿನಲ್ಲಿ: ‘ಟಾವರ್ ಫುಲ್ ಅದರಿ, ಫೋನ್ ಹತ್ತವಲ್ದು.’ 2016ರ ಸೆಪ್ಟೆಂಬರ್ 5ರಂದು ಶುರುವಾದ ಜಿಯೊಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ಅಲ್ಲಿ ಮಾತು ಕೂಡ ಡೇಟಾ ಆಗಿಯೇ ಸಾಗಬೇಕು. ಇದಕ್ಕೆ ವೋಲ್ಟಿ ಎಂದು ಹೆಸರು. ಯಾವ ಕಂಪನಿಯ ಜೊತೆ ವೋಲ್ಟಿ ಹೇಗೆ ನಡೆಸಬೇಕು ಎಂಬ ಸೂಚನೆ ಫೋನಿನ ಸಾಫ್ಟ್‌ವೇರ್ ಒಳಗೇ ಬರೆದಿರಬೇಕು. ಚೀನಾದ ಮಾರುಕಟ್ಟೆಗೆಂದೇ ಮಾಡಿದ ಫೋನಿನಲ್ಲಿ ಭಾರತದ ಕಂಪನಿಗಳ ಹೆಸರು ಇರದಿರಬಹುದು. ಆಗ ಸಿನಿಮಾ ಸಲೀಸಾಗಿ ಓಡುತ್ತದೆ, ಅಮ್ಮನಿಗೆ ಫೋನು ಹತ್ತುವುದಿಲ್ಲ. 2ಜಿ ಉಳಿಸಿಕೊಂಡ ಕಂಪನಿಯ ಸಿಮ್ ಆದರೆ ಕರೆ ಬಂದ ಕೂಡಲೇ ಮೇಲಿನ 4ಜಿ ಅಳಿದು ‘ಇ’ ಎಂಬ ಒಂಟಿ ಅಕ್ಷರ ಮೂಡುತ್ತದೆ. ಮಾತು ಮುಗಿಯುವವರೆಗೆ ಇಂಟರ್ನೆಟ್ ಗಪ್‌ಚುಪ್. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಮಾರಿದನೆಂದು ಜನ ನಂಬುವ ಮೋಳಿಗೆ ಮಾರಯ್ಯನಿಗೆ ಕಸುಬು ಹಿಡಿಯಲು ಯಾವ ಪಟ್ಟಿಯಲ್ಲೂ ಹೆಸರು ಇರಬೇಕಾಗಿರಲಿಲ್ಲ. ಫೋನಿಗೆ ಬೇಕು.

ಎಪಿಎನ್‌ನದು ಚಿಕ್ಕ ತೊಂದರೆ. ಇಂಟರ್ನೆಟ್ಟಿನ ಬಾಗಿಲಿಗೆ ಪ್ರತಿ ಕಂಪನಿಯೂ ಒಂದು ಹೆಸರಿಟ್ಟಿದೆ: ‘ಜಿಯೊನೆಟ್’, ‘ಬಿಎಸ್‌ಎನ್‌ಎಲ್‌ನೆಟ್’ ಇತ್ಯಾದಿ. ಫೋನಿನಲ್ಲಿ ದುಬೈನ ಬಾಗಿಲಿನ ಹೆಸರೇ ಉಳಿದಿದ್ದರೆ ಬದಲಿಸಿ, ಫೋನನ್ನು ಆಫ್ ಮಾಡಿ ಆನ್ ಮಾಡಬೇಕು. ಬೆಳಗಿನಿಂದ ಮೂರು ಅಂಗಡಿ ಸುತ್ತಿದ ಕೆಲಸ ಇಂಗ್ಲಿಷಿನ ಆರೇಳು ಅಕ್ಷರದಲ್ಲಿ ಮುಗಿಯುತ್ತದೆ.

ದೊಡ್ಡ ಪ್ರಸಂಗ ಬೇರೆಯದು. ಆಪಲ್ ಕಂಪನಿ 2022ರ ಸೆಪ್ಟೆಂಬರಿನಲ್ಲಿ ಐಫೋನ್ 14 ತಂದಾಗ ಅಮೆರಿಕದಲ್ಲಿ ಮಾರುವ ಫೋನುಗಳಿಂದ ಸಿಮ್ ಹಾಕುವ ಟ್ರೇಯನ್ನೇ ತೆಗೆದುಬಿಟ್ಟಿತು. ಚೀನಾದಲ್ಲಿ ಮಾರುವವಕ್ಕೆ ಎರಡು ಸಿಮ್ ಹಿಡಿಯುವ ಟ್ರೇ ಕೊಟ್ಟ ಕಂಪನಿಯೇ ಇದು. ಟ್ರೇ ಇಲ್ಲದ ಅಂಥ ಫೋನು ಅಣ್ಣನ ಮಗನ ಕೈಯಿಂದ ಹುಮನಾಬಾದಿನ ಮೊಬೈಲ್ ಅಂಗಡಿಯ ಗಾಜಿನ ಮೇಜಿಗೆ ಬಂದಾಗ ನಡೆಯುವುದು ಇದು. ಅಂಗಡಿಯವರು ಪಿನ್ನು ಹಿಡಿದು ಎಡಮಗ್ಗುಲು ತಿರುಗಿಸುತ್ತಾರೆ, ತೂತಿಲ್ಲ. ಬಲಮಗ್ಗುಲು ನೋಡುತ್ತಾರೆ, ಇಲ್ಲ. ಕೆಳಗೆ ಸ್ಪೀಕರಿನ ಸಾಲು ತೂತುಗಳಿವೆ. ಪಿನ್ನು ಅದರ ಕಡೆ ಸಾಗುತ್ತಿದ್ದಂತೆ ಮಾಲೀಕರ ಜೀವ ಬಾಯಿಗೆ ಬರುತ್ತದೆ.

ಈ ಫೋನಿಗೆ ಬೇಕಾದದ್ದು ಇ-ಸಿಮ್; ಒಳಗೇ ಬೆಸೆದ ಚಿಪ್ಪಿಗೆ ಕಂಪನಿ ಗಾಳಿಯಲ್ಲೇ ಕಳಿಸುವ ಸಿಮ್. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಫೋನಿನ ಗುರುತಾದ 15 ಅಂಕಿಯ ಐಎಂಇಐ ಜೊತೆಗೆ ಆ ಚಿಪ್ಪಿನ ಗುರುತಾದ 32 ಅಂಕಿಯ ಇಐಡಿ ಕಾಣುತ್ತದೆ. ಒಂದು ಕಂಪನಿ ಈ ಅಂಕಿಗಳನ್ನು ಎಸ್‌ಎಂಎಸ್‌ನಲ್ಲಿ ಕೇಳುತ್ತದೆ, ಇನ್ನೊಂದು ಇಮೇಲ್ ವಿಳಾಸ ಕೇಳುತ್ತದೆ. ಎಸ್‌ಎಂಎಸ್ ಹೋಗಬೇಕಾದ್ದು ಹಳೆಯ ಸಿಮ್ ಇರುವ ಹಳೆಯ ಫೋನಿನಿಂದ. ಅದನ್ನು ಹೊಸದು ಬಂದ ಖುಷಿಯಲ್ಲಿ ತಮ್ಮನಿಗೆ ಕೊಟ್ಟಾಗಿರುತ್ತದೆ. ಸಾಫ್ಟ್‌ವೇರ್ ಹಳೆಯದಿದ್ದರೆ ಇಮೇಲಿಗೆ ಬರುವ ಕ್ಯೂಆರ್ ಕೋಡನ್ನು ಹೊಸ ಫೋನಿನ ಕ್ಯಾಮೆರಾಕ್ಕೇ ತೋರಿಸಬೇಕು. ಕೋಡು ಬಂದಿರುವುದೂ ಹೊಸ ಫೋನಿನ ಒಳಗೇ. ತನ್ನ ಮುಖವನ್ನು ತಾನೇ ನೋಡಿಕೊಳ್ಳುವ ಕಣ್ಣು ಅದಕ್ಕಿಲ್ಲ. ಆದ್ದರಿಂದ ಪಕ್ಕದ ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಬೇಕು. ಒಂದು ಲಕ್ಷದ ಫೋನು ಹೀಗೆ ಒಂದು ಹಾಳೆಯ ಹಂಗಿಗೆ ಬೀಳುತ್ತದೆ. ಸ್ಕ್ಯಾನ್ ಮಾಡಲು ಇಂಟರ್ನೆಟ್ ಬೇಕು. ಅದಕ್ಕೆ ಅಂಗಡಿಯ ಹುಡುಗನ ಹಳೆಯ ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್. ಎಲ್ಲ ಮುಗಿದು ಹೆಸರು ಮೂಡಿದ ಮೇಲೂ ಸಿಮ್ ಬದಲಾದ ಕಾರಣಕ್ಕೆ 24 ಗಂಟೆ ಎಸ್‌ಎಂಎಸ್ ನಿಂತಿರುತ್ತದೆ. ನಂಬರು ಕದ್ದು ಬ್ಯಾಂಕ್ ದೋಚುವವರನ್ನು ತಡೆಯಲು ದೂರಸಂಪರ್ಕ ಇಲಾಖೆ ತಂದ ನಿಯಮವದು, ಒಳ್ಳೆಯದೇ. ಆ ದಿನ ಒಟಿಪಿ ಬಾರದೆ ಬ್ಯಾಂಕಿನ ಆಪ್ ತೆರೆಯುವುದಿಲ್ಲ, ಝೆರಾಕ್ಸಿನ ಹತ್ತು ರೂಪಾಯಿಯನ್ನು ನಗದಾಗಿಯೇ ಕೊಡಬೇಕು.

ಐಎಂಇಐಯ ಮಾತು ಬಂದದ್ದರಿಂದ ಒಂದು ಹಳೆಯ ಸಂಗತಿ. ಆ ನಂಬರೇ ಇಲ್ಲದ ಅಗ್ಗದ ಚೀನಾ ಫೋನುಗಳು ಒಂದು ಕಾಲಕ್ಕೆ ದೇಶದಲ್ಲಿ ಧಾರಾಳವಾಗಿದ್ದವು. 2009ರ ನವೆಂಬರ್ 30ರ ರಾತ್ರಿ ಕಳೆದ ಮೇಲೆ ಅವುಗಳ ಕರೆ ನಿಲ್ಲಿಸುವಂತೆ ಸರ್ಕಾರ ಆದೇಶಿಸಿತು. ನಾಲ್ಕು ಸ್ಪೀಕರಿನ, ಮದುವೆ ಮೆರವಣಿಗೆಗೆ ಸಾಕಾಗುವಷ್ಟು ಕೂಗುತ್ತಿದ್ದ ಫೋನುಗಳು ಒಮ್ಮೆಲೇ ರೇಡಿಯೊ ಆದವು. ಕಳುವಾದ ಫೋನಿನ ಐಎಂಇಐಯನ್ನು ದೇಶದಾದ್ಯಂತ ತಡೆಯುವ ವ್ಯವಸ್ಥೆ ಬಂದದ್ದು 2023ರ ಮೇ ತಿಂಗಳಲ್ಲಿ, ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ಜೊತೆ. ಟರ್ಕಿಯಲ್ಲಿ ಕಟ್ಟುನಿಟ್ಟು ಇನ್ನೂ ಹೆಚ್ಚು: ಹೊರಗಿನಿಂದ ತಂದ ಫೋನು ಅಲ್ಲಿನ ಸಿಮ್ಮಿನೊಂದಿಗೆ 120 ದಿನ ಮಾತ್ರ ನಡೆಯುತ್ತದೆ, ಆಮೇಲೆ ತೆರಿಗೆ ಕಟ್ಟಬೇಕು.

ಪರದೇಶಿಯಾಗಲು ಕಡಲು ದಾಟಲೇಬೇಕೆಂದಿಲ್ಲ. ಮೊಬೈಲ್ ಲೆಕ್ಕದಲ್ಲಿ ಭಾರತ 22 ಸರ್ಕಲ್ಲುಗಳು. ಹುಮನಾಬಾದಿನಿಂದ ಹೆದ್ದಾರಿ 65 ಹಿಡಿದು ಪಶ್ಚಿಮಕ್ಕೆ ಹೊರಟ ಬಸ್ಸು ಸಸ್ತಾಪುರ ಬಂಗ್ಲಾ ದಾಟಿ ಉಮರ್ಗಾ ಮುಟ್ಟುವಷ್ಟರಲ್ಲಿ ಫೋನು ಮಹಾರಾಷ್ಟ್ರ ಸರ್ಕಲ್ಲಿನಲ್ಲಿರುತ್ತದೆ. ಪೂರ್ವಕ್ಕೆ ಹೊರಟರೆ ಜಹೀರಾಬಾದಿನಲ್ಲಿ ಆಂಧ್ರಪ್ರದೇಶ ಸರ್ಕಲ್. 2014ರಲ್ಲಿ ತೆಲಂಗಾಣ ರಾಜ್ಯವಾದ ಸುದ್ದಿ ಸರ್ಕಲ್ಲಿನ ಹೆಸರಿಗೆ ಇನ್ನೂ ತಲುಪಿಲ್ಲ. ಹೊರದೇಶದ ಫೋನಿಗೆ ಊರಾಚೆಯ ರೋಮಿಂಗೂ ಒಂದೇ, ದೇಶಾಚೆಯದೂ ಒಂದೇ. ಡೇಟಾ ರೋಮಿಂಗ್ ಆಫ್ ಇದ್ದರೆ ಕೆಲವು ಫೋನುಗಳು ಗಡಿ ದಾಟಿದ ಕೂಡಲೇ ಇಂಟರ್ನೆಟ್ ನಿಲ್ಲಿಸಿ ಕೂರುತ್ತವೆ. ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿ 1956ರ ನವೆಂಬರ್ 1ರಂದು ಎಳೆದ ಗೆರೆಯನ್ನು ಎರಡೂ ಕಡೆಯ ಬೀಗರು ಎಂದೋ ಮರೆತಿದ್ದಾರೆ. ಹೆಣ್ಣು ನೋಡಲು ಹೊರಟವರ ಜೇಬಿನ ಫೋನು ನೆನಪಿಟ್ಟುಕೊಂಡಿದೆ.

ಇಲ್ಲಿ ಕೊಂಡು ಅಲ್ಲಿಗೆ ಹೊರಟ ಫೋನಿನ ಪಾಡು ಉಳಿದಿದೆ. ಅಮೆರಿಕದ ಎಟಿ ಅಂಡ್ ಟಿ ಕಂಪನಿ 2022ರ ಫೆಬ್ರುವರಿ 22ರಂದು 3ಜಿ ಮುಚ್ಚಿತು. ಅದು ಒಪ್ಪಿದ ಮಾಡೆಲ್‌ಗಳ ಪಟ್ಟಿಯಲ್ಲಿ ಇಲ್ಲದ ಫೋನು ಎಷ್ಟೇ ಹೊಸದಿರಲಿ, ಎಷ್ಟೇ ಅನ್‌ಲಾಕ್ಡ್ ಇರಲಿ, ಆ ಕಂಪನಿಯಲ್ಲಿ ಮಾತಿಗೆ ಒದಗದು. ಬಸವಕಲ್ಯಾಣದಿಂದ ಎಂ.ಎಸ್. ಓದಲು ಹೊರಡುವವರು ಉಪ್ಪಿನಕಾಯಿಯ ಮುಚ್ಚಳ ಮೂರು ಸಲ ನೋಡುತ್ತಾರೆ, ಆ ಪಟ್ಟಿಯನ್ನು ಒಂದು ಸಲ ನೋಡಿದರೆ ಸಾಕು. ದುಬೈ ಈ ವಿಷಯದಲ್ಲಿ ಉದಾರಿ. ಸಿಮ್ ಹಾಕಿದ ಕೂಡಲೇ ಎಲ್ಲ ನಡೆಯುತ್ತದೆ, ವಾಟ್ಸಾಪ್‌ನಂಥ ಕರೆಯೊಂದನ್ನು ಬಿಟ್ಟು. ಇಂಟರ್ನೆಟ್ ಮೂಲಕ ಮಾತಾಡಲು ಅಲ್ಲಿ ಪರವಾನಗಿ ಪಡೆದ ಆಪ್‌ಗಳೇ ಬೇಕು, ಬೋಟಿಮ್ ಅಂಥದ್ದು. ಮಗ ದುಬೈನಲ್ಲಿ ಬೋಟಿಮ್ ಹಾಕಿಕೊಂಡರೆ ಸಾಲದು, ಊರಲ್ಲಿ ಅಮ್ಮನ ಫೋನಿನಲ್ಲೂ ಅದು ಇರಬೇಕು. ಅಮ್ಮನ ಫೋನು ಯಾವುದೆಂದರೆ ಹೋದ ರಂಜಾನಿಗೆ ಅವನೇ ಸೀಲು ಒಡೆಯದೆ ತಂದುಕೊಟ್ಟದ್ದು. ಅದು ಮಾಳಿಗೆಯ ಮೇಲೆ ಹತ್ತುತ್ತದೆ.

ಇಂತಿ,
ಫೋನಿನ ಪರವಾಗಿ

ಅಡಕ: ಟ್ರೇ ತೆಗೆಯುವ ಪಿನ್ನು, 1 (ತೂತು ಸಿಗದ ಕಾರಣ ಹಿಂದಿರುಗಿಸಲಾಗಿದೆ).