ಹುಲ್ಲು ಬಿಚ್ಚದೆ ಮುಡಿ ಕಟ್ಟಿದರೆ

"ಹ್ವಾಯ್, ರಾತ್ರಿ ಹನ್ನೆರಡ್ ಗಂಟಿ ಆರೂ ಲೈಟ್ ಉರಿತಿದ್ದಿತಲೆ! ಎಂತ ಮಾಡ್ತಿದ್ರಿ ಮರ್ರೆ?"

ದಾಸವಾಳದ ಬೇಲಿಯಾಚೆ ನಿಂತು ಕೇಳಿದವರು ಪಕ್ಕದ ಮನೆಯ ಮಾಸ್ಟ್ರು. ನಿವೃತ್ತರಾಗಿ ಹತ್ತು ವರ್ಷವಾದರೂ ಕೇರಿಗೆಲ್ಲ ಅವರು ಮಾಸ್ಟ್ರೇ. ಬೆಳಿಗ್ಗೆ ಏಳಕ್ಕೆ ಹೂ ಕೊಯ್ಯಲು ಬಂದರೆ ನನ್ನ ಬದಿಯ ಕೊಂಬೆಗೂ ಕೈ ಚಾಚುತ್ತಾರೆ, ನಾಲ್ಕು ಮಾತು ಆಡಿಯೇ ಹೋಗುತ್ತಾರೆ.

"ಶಬ್ದ ಒಟ್ಟು ಮಾಡ್ತಿದ್ದೆ" ಅಂದೆ.

"ಅದ್ ಗೊತ್ತಿತ್ತ್. ಶುರು ಮಾಡಿ ವರ್ಷ ಆಯ್ತಲೆ. ರಾತ್ರಿ ಕೂಕಂಡ್ ಮಾಡುದ್ ಎಂತ?"

ನಾವು ಏಳೆಂಟು ಜನ ಶಿರೂರಿನಿಂದ ಬಾರಕೂರಿನವರೆಗೆ ಕುಂದಾಪ್ರ ಕನ್ನಡದ ಮಾತು ಬರೆದುಕೊಳ್ಳುತ್ತಿರುವುದು ಅವರಿಗೆ ಗೊತ್ತು. ಪಂಜು ಗಂಗೊಳ್ಳಿಯವರು ಸಂಪಾದಿಸಿದ ಕುಂದಾಪ್ರ ಕನ್ನಡ ನಿಘಂಟು ಬಂದ ಮೇಲೆ ನಮಗೆಲ್ಲ ಧೈರ್ಯ ಬಂತು. ನಮ್ಮ ಬಾಯಿಮಾತಿಗೂ ದಪ್ಪನೆಯ ಪುಸ್ತಕವಾಗುವಷ್ಟು ಜೀವ ಇದೆ ಅಂತ ಕಣ್ಣಾರೆ ಕಂಡೆವಲ್ಲ. ನಮ್ಮದು ಅಷ್ಟು ದೊಡ್ಡ ಕೆಲಸವಲ್ಲ. ಯಾವ ಊರಿನಲ್ಲಿ ಯಾರ ಬಾಯಲ್ಲಿ ಯಾವ ಮಾತು ಹೇಗೆ ಬರುತ್ತದೆ ಅನ್ನುವುದನ್ನು ಇದ್ದ ಹಾಗೆ ಇಟ್ಟುಕೊಳ್ಳುವುದು, ಅಷ್ಟೇ. ಒಂದು ಮನೆಯ ಜಗಲಿಯಲ್ಲಿ ಕೂತು ಕೇಳಿದ್ದಕ್ಕೆ ಒಂದು ಫೈಲ್. ಹೀಗೆ ಇನ್ನೂರು ದಾಟಿದ ಫೈಲ್‌ಗಳು ನನ್ನ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಬಂದು ಬಿದ್ದಿದ್ದವು. 2019ರಿಂದ ಆಸಾಡಿ ಅಮಾಸಿಯನ್ನು ವಿಶ್ವ ಕುಂದಾಪ್ರ ಕನ್ನಡ ದಿನ ಅಂತ ಮಾಡುತ್ತಿದ್ದೇವಷ್ಟೆ, ಈ ಸಲ ಆ ದಿನಕ್ಕೆ ಇವನ್ನೆಲ್ಲ ಒಂದೇ ಫೈಲ್ ಮಾಡಿ ಎಲ್ಲರ ಕೈಗೆ ಕೊಡಬೇಕು ಅನ್ನುವುದು ನನ್ನ ಆಸೆ.

ಫೈಲ್‌ಗಳೆಲ್ಲ ಎಕ್ಸ್‌ಎಂಎಲ್. ಮಾಸ್ಟ್ರು ಅದೆಂತದ್ದು ಅಂತ ಕೇಳಿದರು. ಭರಣಿಗೆ ಚೀಟಿ ಅಂಟಿಸುವ ಕ್ರಮ ಅಂದೆ. ಇದು ಮಾತು, ಇದು ಅರ್ಥ ಅಂತ ಒಂದೊಂದಕ್ಕೂ ಮೊದಲೊಂದು ಕೊನೆಗೊಂದು ಚೀಟಿ. 1998ರ ಫೆಬ್ರವರಿ 10ರಂದು ಒಪ್ಪಿತವಾದ ಈ ಕ್ರಮ ನನಗೆ ಇಷ್ಟವಾಗುವುದು ಅದರ ಸರಳತೆಗೆ. ಒಳಗಿರುವುದು ಬರಿಯ ಅಕ್ಷರ. ಇವತ್ತಿನ ಸಾಫ್ಟ್‌ವೇರ್ ನಾಳೆ ಇಲ್ಲವಾದರೂ ಫೈಲ್ ಬಿಡಿಸಿ ಕಣ್ಣಲ್ಲೇ ಓದಿಕೊಳ್ಳಬಹುದು. ಹಳೆಯ ಕಾಲದ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ಆ ಫಾಂಟ್ ಇಲ್ಲದ ಕಡೆ ತೆರೆದರೆ ಹೇಗೆ ಕಾಣುತ್ತದೆ ಅಂತ ಡಿಟಿಪಿ ಅಂಗಡಿಯಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ.

ಒಟ್ಟು ಮಾಡುವುದಕ್ಕೆ ಬ್ಯಾಚ್ ಸ್ಕ್ರಿಪ್ಟ್ ಸಾಕು ಅಂದುಕೊಂಡೆ. ನಾಲ್ಕು ಸಾಲು ಆದೇಶ ನೋಟ್‌ಪ್ಯಾಡಿನಲ್ಲಿ ಬರೆದು ಎರಡು ಸಲ ಕ್ಲಿಕ್ ಮಾಡಿದರೆ ಕಂಪ್ಯೂಟರು ಮೇಲಿನಿಂದ ಕೆಳಗೆ ಒಂದೊಂದೇ ಮಾಡುತ್ತಾ ಹೋಗುತ್ತದೆ. ಕಾಪಿ ಅನ್ನುವ ಆದೇಶಕ್ಕೆ ಸ್ಲ್ಯಾಶ್ ಬಿ ಸೇರಿಸಿ, ಫೋಲ್ಡರಿನಲ್ಲಿ ಇದ್ದದ್ದನ್ನೆಲ್ಲ ಒಂದರ ಬಾಲಕ್ಕೆ ಒಂದು ಅಂಟಿಸು ಅಂದೆ. ಅರೆಗಳಿಗೆಯಲ್ಲಿ ಅಂಟಿಸಿತು. ಆದರೆ ಆ ದೊಡ್ಡ ಫೈಲನ್ನು ಯಾವ ಸಾಫ್ಟ್‌ವೇರೂ ತೆರೆಯಲು ಒಪ್ಪಲಿಲ್ಲ.

"ಎಂತಕೆ?" ಅಂದರು ಮಾಸ್ಟ್ರು.

"ನೀವು ಮುಡಿ ಕಟ್ಟುದ್ ಕಂಡಿದ್ರಿ ಅಲ್ದಾ?" ಅಂತ ಕೇಳಿದೆ.

ಕೇಳಿದ್ದೇ ತಡ, ಹೂವಿನ ಬುಟ್ಟಿ ಕಲ್ಲಿನ ಮೇಲೆ ಇಟ್ಟು ಎರಡೂ ಕೈಯಲ್ಲಿ ತೋರಿಸತೊಡಗಿದರು. ಬೈಹುಲ್ಲು ಹೀಗೆ ಹರಡಬೇಕು, ನಡುವೆ ಅಕ್ಕಿ ಸುರಿಯಬೇಕು, ಸುತ್ತಲಿನ ಹುಲ್ಲನ್ನು ಮೇಲಕ್ಕೆ ಒಟ್ಟಿ ಹಿಡಿದು ಹುಲ್ಲಿನ ಹಗ್ಗ ಸುತ್ತುತ್ತಾ ಬಿಗಿಯಬೇಕು, ಮರದ ಕೊಡತಿಯಲ್ಲಿ ಬಡಿಬಡಿದು ದುಂಡಗೆ ಮಾಡಬೇಕು, ಒಂದು ಕಾಳೂ ಹೊರಗೆ ಉದುರಬಾರದು. ಅವರ ಅಪ್ಪಯ್ಯ ಗೇಣಿ ಅಕ್ಕಿ ಅಳೆಯುತ್ತಿದ್ದದ್ದು ಮುಡಿಯ ಲೆಕ್ಕದಲ್ಲೇ. ಆ ಕೈಗಳು ಗಾಳಿಯಲ್ಲಿ ಹಗ್ಗ ಬಿಗಿಯುವುದನ್ನು ನೋಡುತ್ತಾ ನಾನು ಹೇಳಬೇಕಾದದ್ದೆಲ್ಲ ಅಲ್ಲೇ ಇದೆ ಅನ್ನಿಸಿತು.

ಒಂದೊಂದು ಎಕ್ಸ್‌ಎಂಎಲ್ ಫೈಲೂ ಒಂದು ಸಣ್ಣ ಮುಡಿ. ತಲೆಯಲ್ಲಿ ಒಂದು ಘೋಷಣೆಯ ಸಾಲು, ಆಮೇಲೆ ಇಡೀ ಫೈಲನ್ನು ಸುತ್ತಿಕೊಂಡ ಹೊರಗಿನ ಒಂದು ಟ್ಯಾಗ್, ಅದರೊಳಗೆ ಮಾತುಗಳು. ಕ್ರಮ ಏನು ಹೇಳುತ್ತದೆ ಅಂದರೆ, ಆ ಘೋಷಣೆ ಫೈಲಿನ ಮೊಟ್ಟಮೊದಲಲ್ಲಿ ಮಾತ್ರ ಇರಬಹುದು, ಹೊರಗಿನ ಟ್ಯಾಗ್ ಇಡೀ ಫೈಲಿಗೆ ಒಂದೇ. ನಾನು ಇನ್ನೂರು ಸಣ್ಣ ಮುಡಿಗಳನ್ನು ಹುಲ್ಲು ಬಿಚ್ಚದೆ ಒಟ್ಟಿದ್ದೆ. ಒಂದು ದೊಡ್ಡ ಮುಡಿ ಆಗಬೇಕಾದರೆ ಎಲ್ಲದರ ಹುಲ್ಲು ಬಿಚ್ಚಿ ಅಕ್ಕಿ ಮಾತ್ರ ಸುರಿದು, ಹೊಸ ಹುಲ್ಲು ಒಂದೇ ಸಲ ಸುತ್ತಬೇಕು.

ಹಾಗೆಯೇ ಸ್ಕ್ರಿಪ್ಟ್ ತಿದ್ದಿದೆ. ಮೊದಲು ಹೊಸ ಫೈಲಿಗೆ ಒಂದು ಘೋಷಣೆ, ಒಂದು ತೆರೆಯುವ ಟ್ಯಾಗ್. ಆಮೇಲೆ ಒಂದೊಂದೇ ಫೈಲ್ ಎತ್ತಿಕೊಂಡು ಫೈಂಡ್‌ಸ್ಟ್ರ್ ಅನ್ನುವ ಜರಡಿಗೆ ಸುರಿಯುವುದು. ಅದಕ್ಕೆ ಸ್ಲ್ಯಾಶ್ ವಿ ಅಂದರೆ, ಹೇಳಿದ ಗುರುತು ಇರುವ ಸಾಲನ್ನು ಬಿಟ್ಟು ಉಳಿದದ್ದನ್ನು ಕೆಳಗೆ ಬಿಡುತ್ತದೆ. ಘೋಷಣೆ ಇರುವ ಸಾಲು, ಹೊರಟ್ಯಾಗ್ ಇರುವ ಸಾಲು ಜರಡಿಯಲ್ಲೇ ಉಳಿಯುತ್ತವೆ, ಮಾತುಗಳು ಕೆಳಗೆ ಬೀಳುತ್ತವೆ. ಕೊನೆಗೆ ಮುಚ್ಚುವ ಟ್ಯಾಗ್. ಒಟ್ಟಾದ ಫೈಲನ್ನು ಬೇರೆ ಫೋಲ್ಡರಿನಲ್ಲಿ ಇಡಬೇಕೆನ್ನುವುದೂ ಆ ರಾತ್ರಿಯೇ ತಿಳಿಯಿತು. ಅಲ್ಲೇ ಇಟ್ಟರೆ ಎರಡನೇ ಸಲ ಓಡಿಸುವಾಗ ಅದೂ ಒಂದು ಫೈಲ್ ಅಂತ ಒಳಗೆ ಹೋಗಿ ಪ್ರತಿ ಮಾತೂ ಎರಡೆರಡಾಗುತ್ತದೆ. ಫೈಲಿಗೆ 1, 2, 10 ಅಂತ ಹೆಸರಿಟ್ಟರೆ ಕಂಪ್ಯೂಟರು ಒಂದಾದ ಮೇಲೆ ಹತ್ತನ್ನು ಎತ್ತಿಕೊಳ್ಳುತ್ತದೆ. 001, 002 ಅಂತ ಸೊನ್ನೆ ಹಾಕಿಟ್ಟರೆ ಸಾಲು ಸರಿಯಾಗುತ್ತದೆ. ಇವೆಲ್ಲ ಮಾಡಿ ಮುಗಿಸುವಾಗ ಹನ್ನೆರಡು ದಾಟಿತ್ತು. ಫೈಲ್ ತೆರೆಯಿತು. ತಪ್ಪು ಅಂತ ಎಲ್ಲೂ ಹೇಳಲಿಲ್ಲ.

"ಹಾಂಗಾರೆ ಕೈರಂಪಣಿ ಇತ್ತಾ ಕಾಣಿ" ಅಂದರು ಮಾಸ್ಟ್ರು.

ಅವರು ಮರವಂತೆಯ ಬದಿಯವರು. ಹಗ್ಗದ ಒಂದು ತುದಿ ದಡದಲ್ಲಿ ಬಿಟ್ಟು, ದೋಣಿಯಲ್ಲಿ ಬಲೆ ಇಳಿಸುತ್ತಾ ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಸುತ್ತಿ ಬಂದು, ಎರಡೂ ಕಡೆ ಜನ ಸಾಲಾಗಿ ನಿಂತು ದಡಕ್ಕೆ ಎಳೆಯುವ ಕೈರಂಪಣಿಯನ್ನು ನೋಡುತ್ತಾ ಬೆಳೆದವರು. ಲ್ಯಾಪ್‌ಟಾಪನ್ನು ಬೇಲಿಗೆ ತಂದು ಹುಡುಕಿದೆ. ಇಲ್ಲ. ಉಪ್ಪುಂದದ ಗೆಳೆಯ ಅದನ್ನು ಬರೆದುಕೊಂಡು ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಮೂಲ ಫೈಲ್‌ಗಳ ಜೊತೆ ತಾಳೆ ನೋಡುತ್ತಾ ಅಳಿವೆ ಅಂತ ಹುಡುಕಿದೆ, ಬೇರೆ ಊರಿನದು ಇತ್ತು, ಉಪ್ಪುಂದದ್ದು ಇಲ್ಲ. ಶಿರೂರಿನದು ಇಲ್ಲ, ನಾವುಂದದ್ದು ಇಲ್ಲ. ಬೈಂದೂರಿನ ಕಡೆಯ ಮೂವತ್ತಕ್ಕೂ ಹೆಚ್ಚು ಫೈಲ್‌ಗಳ ಒಂದೇ ಒಂದು ಮಾತೂ ದೊಡ್ಡ ಫೈಲಿನಲ್ಲಿ ಇರಲಿಲ್ಲ.

ಮಾಸ್ಟ್ರು ಏನೂ ಅನ್ನಲಿಲ್ಲ, ಹೂ ತೆಗೆದುಕೊಂಡು ಒಳಗೆ ಹೋದರು. ನನಗೆ ಆವತ್ತು ಊಟ ಸೇರಲಿಲ್ಲ.

ಸಂಜೆ ಕಾರಣ ಸಿಕ್ಕಿತು. ಬೈಂದೂರಿನ ಗೆಳೆಯರು ಬಳಸಿದ್ದು ಮೊಬೈಲಿನ ಒಂದು ಆ್ಯಪ್. ಅದು ಫೈಲನ್ನು ಸಾಲು ಮುರಿಯದೆ ಉಳಿಸುತ್ತಿತ್ತು. ಘೋಷಣೆ, ಹೊರಟ್ಯಾಗ್, ಐವತ್ತು ಅರವತ್ತು ಮಾತು, ಎಲ್ಲ ಒಂದೇ ಉದ್ದನೆಯ ಸಾಲು. ಎಕ್ಸ್‌ಎಂಎಲ್‌ಗೆ ಅದು ತಪ್ಪೇ ಅಲ್ಲ, ಸಾಲು ಮುರಿದರೂ ಒಂದೇ, ಮುರಿಯದಿದ್ದರೂ ಒಂದೇ. ನನ್ನ ಜರಡಿ ನೋಡುವುದು ಮಾತ್ರ ಸಾಲನ್ನು. ಘೋಷಣೆ ಇರುವ ಸಾಲನ್ನು ಬಿಡು ಅಂದಿದ್ದೆ, ಬಿಟ್ಟಿತು. ಹುಲ್ಲಿನ ಜೊತೆ ಅಕ್ಕಿಯೂ ಹೋಯಿತು. ನನ್ನನ್ನು ಕಾಡಿದ್ದು ಅದು ಸದ್ದಿಲ್ಲದೆ ಹೋದದ್ದು. ಮಾಸ್ಟ್ರು ಆ ಒಂದು ಶಬ್ದ ಕೇಳದೇ ಇದ್ದಿದ್ದರೆ ಒಂದು ತಾಲೂಕನ್ನೇ ಬಿಟ್ಟು ಅಮಾಸಿಗೆ ಹಂಚುತ್ತಿದ್ದೆ.

ಎಕ್ಸ್‌ಎಂಎಲ್‌ನ ಒಳಗನ್ನು ಟ್ಯಾಗ್ ಲೆಕ್ಕದಲ್ಲೇ ತೆಗೆಯಬೇಕು, ಸಾಲಿನ ಲೆಕ್ಕದಲ್ಲಿ ಅಲ್ಲ. ಅದಕ್ಕೆ ಬ್ಯಾಚ್ ಸ್ಕ್ರಿಪ್ಟಿನ ಒಳಗಿಂದಲೇ ಪವರ್‌ಶೆಲ್ ಕರೆದೆ. ವಿಂಡೋಸ್ 7ರಿಂದ ಈಚೆಗೆ ಅದು ಕಂಪ್ಯೂಟರಿನ ಜೊತೆಗೇ ಬರುತ್ತದೆ. ಪ್ರತಿ ಫೈಲನ್ನು ಎಕ್ಸ್‌ಎಂಎಲ್ ಅಂತಲೇ ಓದಿ, ಒಂದೊಂದು ಮಾತಿನ ಟ್ಯಾಗನ್ನು ಬಿಡಿಸಿ, ಹೊಸ ಫೈಲಿನ ಹೊರಟ್ಯಾಗಿನೊಳಗೆ ಇಡುತ್ತದೆ. ಫೈಲ್ ಕೆಟ್ಟಿದ್ದರೆ ಹೆಸರು ಹೇಳಿ ನಿಲ್ಲುತ್ತದೆ. ಜೊತೆಗೆ ಎಣಿಕೆಯನ್ನೂ ಸೇರಿಸಿದೆ. ಪ್ರತಿ ಫೈಲಿನಲ್ಲಿ ಎಷ್ಟು ಮಾತಿತ್ತು, ಒಟ್ಟು ಎಷ್ಟು ಬಂತು. ಎರಡೂ ತಾಳೆಯಾಗುವವರೆಗೆ ಯಾರಿಗೂ ಕಳಿಸುವುದಿಲ್ಲ ಅಂತ ನಿಶ್ಚಯಿಸಿದೆ.

ಎಣಿಕೆ ತಾಳೆಯಾಯಿತು. ಆದರೂ ಒಂದು ಫೈಲ್ ಮನಸ್ಸು ಕೆಡಿಸಿತು. ಶಂಕರನಾರಾಯಣದ ಹತ್ತಿರದ ಮನೆಯೊಂದರಲ್ಲಿ ಎಂಬತ್ತು ದಾಟಿದ ಅಮ್ಮ ಒಬ್ಬರು ಹೇಳಿದ ಮಾತುಗಳು ಅದರಲ್ಲಿದ್ದವು. ತೆರೆದರೆ ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆ. ಹಳೆಯ ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿ, ಎನ್ಕೋಡಿಂಗ್ ಎಂದಿರುವಲ್ಲಿ ಆನ್ಸಿ ಅಂತಿದ್ದದ್ದನ್ನು ಹಾಗೇ ಬಿಟ್ಟು ಉಳಿಸಿದ್ದಾರೆ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಜಾಗ ಬೇಕು. 'ಕುಂದಾಪ್ರ' ಅಂತ ಬರೆದರೆ ಅಕ್ಷರ, ಕೊಂಬು, ಸೊನ್ನೆ, ಒತ್ತಿನ ಗುರುತು ಸೇರಿ 8 ಸಂಕೇತ, 24 ಬೈಟ್. ಆನ್ಸಿಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಆ ಎಂಟರ ಬದಲು ಎಂಟು ಪ್ರಶ್ನಾರ್ಥಕ ಕೂತುಬಿಡುತ್ತವೆ. ಫಾಂಟ್ ಬದಲಿಸಿದರೆ ಸರಿಯಾಗುವ ವಿಷಯ ಇದಲ್ಲ. ಅಲ್ಲಿ ಅಕ್ಷರವೇ ಉಳಿದಿಲ್ಲ. ಮರುದಿನ ಬಸ್ಸು ಹತ್ತಿ ಹೋದೆ. ಪುಣ್ಯಕ್ಕೆ ಆ ಅಮ್ಮ ಜಗಲಿಯಲ್ಲೇ ಕೂತಿದ್ದರು. ಎರಡನೇ ಸಲ ಕೇಳಿದ್ದಕ್ಕೆ ಬೇಸರಪಡದೆ ಹೇಳಿದರು, ಮೊದಲ ಸಲ ಬಿಟ್ಟುಹೋಗಿದ್ದ ಮಾತುಗಳೂ ಬಂದವು.

ಎರಡು ದಿನ ಬಿಟ್ಟು ಮಾಸ್ಟ್ರು ಬೇಲಿಗೆ ಬಂದಾಗ ಇದನ್ನೆಲ್ಲ ಹೇಳಿದೆ. ಅವರು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ಹೋಪುಕೆ, ಹ್ವಾಪುಕೆ ಎರಡೂ ಇವೆಯಲ್ಲ, ಒಂದನ್ನು ತೆಗೆಯಬಾರದೇ ಅಂದರು. ತೆಗೆಯಬಾರದು ಅನ್ನುವುದು ನನ್ನ ಹಟ. ಹಳಗನ್ನಡದ ಪೋಪ, ಬರ್ಪ, ಕಾಣ್ಬ, ಉಣ್ಬ ಇವತ್ತಿಗೂ ನಮ್ಮಲ್ಲಿ ಹೋಪ, ಬಪ್ಪ, ಕಾಂಬ, ಉಂಬ ಆಗಿ ದಿನಬೆಳಗಾದರೆ ಬಾಯಲ್ಲಿವೆ. ಹೋಪುಕೆಯ ಸ್ವರ ಯಾವ ಊರಿನಲ್ಲಿ ಹೇಗೆ ತಿರುಗಿತು ಅನ್ನುವುದು ಎರಡನ್ನೂ ಇಟ್ಟರೆ ತಾನೇ ನಾಳೆ ಯಾರಿಗಾದರೂ ಕಾಣುವುದು? ಫೈಲ್ ಒಟ್ಟು ಮಾಡುವವರು ಒಂದೇ ಥರದ್ದನ್ನು ಅಳಿಸುವ ಆಸೆಗೆ ಬೀಳುತ್ತಾರೆ. ಪಟ್ಟಿ ಚೊಕ್ಕವಾಗುತ್ತದೆ, ಮಾತು ಬಡವಾಗುತ್ತದೆ.

ಅದಕ್ಕೇ ಪ್ರತಿ ಮಾತಿನ ಟ್ಯಾಗಿನೊಳಗೂ ಊರಿನ ಹೆಸರು ಸೇರಿಸಿದ್ದೇನೆ. ಮೊದಲು ಊರು ಇದ್ದದ್ದು ಫೈಲಿನ ಹೊರಟ್ಯಾಗಿನಲ್ಲಿ ಮಾತ್ರ. ಹುಲ್ಲು ಬಿಚ್ಚುವಾಗ ಅದೂ ಬಿಚ್ಚಿಹೋಗುತ್ತಿತ್ತು. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಕೀ ಐದೂ ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತವೆ. ಅಳಿವೆಯ ಬಾಯಲ್ಲಿ ನಿಂತು ಒಂದು ಬೊಗಸೆ ಎತ್ತಿ ಇದು ಯಾವ ಹೊಳೆಯ ನೀರು ಅಂತ ಹೇಳಲಿಕ್ಕೆ ಬರುತ್ತದೆಯೇ? ನಮ್ಮ ಫೈಲ್ ಹಾಗಾಗಬಾರದು. ಕಿಟೆಲ್ ಕೂಡ 1894ರ ತಮ್ಮ ನಿಘಂಟಿನಲ್ಲಿ ಇದು ಮೈಸೂರಿನ ಬಳಕೆ, ಇದು ದಕ್ಷಿಣ ಮರಾಠಾ ಸೀಮೆಯದು ಅಂತ ಸಣ್ಣ ಅಕ್ಷರಗಳಲ್ಲಿ ಗುರುತು ಹಾಕಿದ್ದರು. ಕೈಬರಹದ ಚೀಟಿಗಳ ಕಾಲದಲ್ಲಿ ಆದದ್ದು ನಮ್ಮಿಂದ ಆಗದೇ?

ತಾಲೂಕು ಬರೆದರೆ ಸಾಲದು ಅನ್ನುವುದನ್ನೂ ಫೈಲ್‌ಗಳೇ ಕಲಿಸಿದವು. ಬೈಂದೂರು, ಬ್ರಹ್ಮಾವರ ಬೇರೆ ತಾಲೂಕಾದದ್ದು 2018ರಲ್ಲಿ. ಶಿರೂರಿನ ಹಿರಿಯರೊಬ್ಬರು ಕುಂದಾಪುರ ತಾಲೂಕು ಅಂತಲೇ ಬರೆಸಿದ್ದಾರೆ, ಬಾರಕೂರಿನವರು ಉಡುಪಿ ತಾಲೂಕು ಅಂತ. ಅವರು ಹೇಳಿದ್ದು ಅವರ ಆಯುಷ್ಯದ ಲೆಕ್ಕಕ್ಕೆ ಸರಿಯೇ. ಅದನ್ನು ತಿದ್ದಲಿಲ್ಲ, ಪಕ್ಕದಲ್ಲಿ ಊರಿನ ಹೆಸರು ಇಟ್ಟೆ.

ಅಮಾಸಿಗೆ ಈ ಫೈಲನ್ನು ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇಡುತ್ತೇವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಒಂದೂವರೆ ಲಕ್ಷ ಪದಗಳ ಕನ್ನಡ ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಹಾಗೆಯೇ ಎಲ್ಲರ ಪಾಲಾಯಿತು. ದಾರಿ ಅಂದರೆ ಅದು.

ಮಾಸ್ಟ್ರು ಕನ್ನಡಕ ಏರಿಸಿಕೊಂಡು ಕೈರಂಪಣಿ ಅಂತ ತಾವೇ ಒತ್ತಿದರು. ಬಂತು. ಅರ್ಥ ಓದಿದರು, ಊರು ಉಪ್ಪುಂದ ಅಂತಿರುವುದನ್ನೂ ಓದಿದರು.

"ಇದ್ ಸಮ ಇತ್ತ್. ಆರೆ ಮರವಂತೆಯಂಗೂ ಇತ್ತ್ ಮರ್ರೆ. ಬರ್ಕಣಿ."

ಬೇಲಿಯ ಕಲ್ಲಿನ ಮೇಲೇ ಲ್ಯಾಪ್‌ಟಾಪ್ ಇಟ್ಟು ಹೊಸ ಫೈಲ್ ತೆರೆದೆ. ಊರು ಮರವಂತೆ. ಮಾಸ್ಟ್ರು ಹೂವಿನ ಬುಟ್ಟಿ ಕೆಳಗಿಟ್ಟರು. ಒಳಗಿನಿಂದ ಪೂಜೆಗೆ ಹೊತ್ತಾಯಿತು ಅಂತ ಕರೆದದ್ದು ಕೇಳಿಸಿತು. ಅವರು ಆಗಲೇ ದೋಣಿಯ ಮುಂದಿನ ತುದಿಗೆ ಏನನ್ನುತ್ತಾರೆ ಅನ್ನುವುದಕ್ಕೆ ಬಂದಿದ್ದರು.