ಅಳತೆ ರಾಯರ ಆಚಮನ

ಬೆಂಗಳೂರಿನ ಹ್ಯಾಮ್ ರೇಡಿಯೋ ಮಂದಿಯ ನಡುವೆ ನಿಂತು "ಅಳತೆ ರಾಯರು ಯಾರು?" ಎಂದು ಕೇಳಿದರೆ ಒಬ್ಬೊಬ್ಬರು ಒಬ್ಬೊಬ್ಬರನ್ನು ತೋರಿಸುತ್ತಾರೆ. ರಾಜಾಜಿನಗರದಲ್ಲೊಬ್ಬರು, ಜಯನಗರದಲ್ಲೊಬ್ಬರು, ಮೈಸೂರಿನಲ್ಲಿ ಇಬ್ಬರಂತೆ. ಆದ್ದರಿಂದ ನಾನು ಬರೆಯಹೊರಟಿರುವ ಬಸವನಗುಡಿಯ ರಾಯರ ಹೆಸರನ್ನಾಗಲಿ ಕಾಲ್‌ಸೈನನ್ನಾಗಲಿ ಹೇಳುವುದಿಲ್ಲ. ಹೇಳಿದರೆ ಅವರೇನೂ ಬೇಜಾರು ಮಾಡಿಕೊಳ್ಳುವವರಲ್ಲ. ಉಳಿದವರು "ನಮ್ಮನ್ನೇಕೆ ಬಿಟ್ಟಿರಿ" ಎಂದು ಜಗಳಕ್ಕೆ ಬರುತ್ತಾರೆ.

ರಾಯರ ಗುರುತು ಅಂಗಿಯ ಜೇಬಿನಲ್ಲಿದೆ. ಇಸ್ಪೀಟು ಕಟ್ಟಿನಷ್ಟು ಗಾತ್ರದ ಒಂದು ಪೆಟ್ಟಿಗೆ, ಅದರ ಅಂಚಿನಲ್ಲಿ ಬಸವನಹುಳುವಿನ ಕೊಂಬಿನ ಹಾಗೆ ಚಿನ್ನದ ಬಣ್ಣದ ಎರಡು ಕನೆಕ್ಟರು. ಇದೇ ನ್ಯಾನೋ ವಿಎನ್‌ಎ. ವೆಕ್ಟರ್ ನೆಟ್‌ವರ್ಕ್ ಅನಲೈಜರ್ ಎಂಬುದು ಇದರ ಜಾತಕದ ಹೆಸರು. ಮಾಡುವ ಕೆಲಸ ಸರಳ. ನೆಂಟರ ಮನೆಗೆ ಕಳಿಸಿದ ಕೋಡುಬಳೆ ಡಬ್ಬಿ ಎಷ್ಟು ತುಂಬಿಕೊಂಡು ವಾಪಸ್ ಬಂತು ಎಂದು ನೋಡಿ ಅವರ ಮನಸ್ಸು ತಿಳಿದುಕೊಳ್ಳುತ್ತೇವಲ್ಲ, ಹಾಗೆ ಇದು ಆಂಟೆನಾಕ್ಕೆ ಚೂರು ಸಿಗ್ನಲ್ ಕಳಿಸಿ, ಎಷ್ಟು ಹಿಂದಕ್ಕೆ ಬಂತು, ಯಾವ ಮುಖ ಮಾಡಿಕೊಂಡು ಬಂತು ಎಂದು ಲೆಕ್ಕ ಹಾಕುತ್ತದೆ. ಈ ಲೆಕ್ಕದ ಅಂಕಿಗೆ ಎಸ್‌ಡಬ್ಲ್ಯುಆರ್ ಎಂದು ಹೆಸರು. ಅದು ಒಂದೂವರೆ ಇದ್ದರೆ ನೂರಕ್ಕೆ ನಾಲ್ಕು ಪಾಲು ವಾಪಸ್, ಎರಡಿದ್ದರೆ ಹನ್ನೊಂದು, ಮೂರಾದರೆ ಕಾಲು ಭಾಗ. ಒಂದೂವರೆ ಬಂದರೆ ಸಾಕು, ಕೂತು ಮಾತಾಡಬಹುದು. ಸಾಮಾನ್ಯ ಮನುಷ್ಯರು ಹಾಗೇ ಮಾಡುತ್ತಾರೆ.

ರಾಯರಿಗೆ ಆ ನಾಲ್ಕು ಪಾಲು ನಿದ್ದೆ ಕೊಡುವುದಿಲ್ಲ.

ಇದಕ್ಕೆ ಕಾರಣವಿದೆ. ರಾಯರು ಒಂದು ದೊಡ್ಡ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಮೂವತ್ತು ವರ್ಷ ಇದ್ದವರು. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಹ್ಯೂಲೆಟ್ ಪ್ಯಾಕರ್ಡ್ 8753 ಎಂಬ ನೆಟ್‌ವರ್ಕ್ ಅನಲೈಜರ್ ಬಂತು. ಇಬ್ಬರು ಹೊತ್ತು ತಂದರು. ರಿಜಿಸ್ಟರಿನಲ್ಲಿ ಬರೆದುಕೊಂಡದ್ದು ರಾಯರು, ಪೆಟ್ಟಿಗೆ ಬಿಚ್ಚಿಸಿದ್ದು ರಾಯರು, ಸಹಿ ಹಾಕಿ ಒಳಗೆ ಕಳಿಸಿದ್ದೂ ರಾಯರೇ. ಆಮೇಲೆ ಅದು ಎಸಿ ಕೋಣೆ ಸೇರಿತು, ಬಾಗಿಲಿಗೆ "ಅನುಮತಿ ಇಲ್ಲದೆ ಪ್ರವೇಶವಿಲ್ಲ" ಎಂಬ ಬೋರ್ಡು ಬಿತ್ತು. ವರ್ಷಕ್ಕೊಮ್ಮೆ ಸ್ಟಾಕ್ ಲೆಕ್ಕಕ್ಕೆ ಹೋದಾಗ ಚಪ್ಪಲಿ ಹೊರಗೆ ಬಿಟ್ಟು, ದೂರದಿಂದ ನಂಬರು ಓದಿಕೊಂಡು ಬರಬೇಕಿತ್ತು. ಅದರ ಪರದೆಯಲ್ಲಿ ಹಸಿರು ಗೆರೆಯೊಂದು ಕುಣಿಯುವುದನ್ನು ಅವರು ಗಾಜಿನಾಚೆಯಿಂದ ನೋಡಿ ನೋಡಿಯೇ ನಿವೃತ್ತರಾದರು.

ಹೀಗಿರುವಾಗ ಜಪಾನಿನಲ್ಲಿ ಎಡಿ555 ಎಂಬ ಹೆಸರಿಟ್ಟುಕೊಂಡ ಹವ್ಯಾಸಿಯೊಬ್ಬ ಅದೇ ಕೆಲಸ ಮಾಡುವ ಪುಟ್ಟ ಬೋರ್ಡನ್ನು ರಚಿಸಿ, ಅದರ ನಕ್ಷೆಯನ್ನೆಲ್ಲ ಬಿಚ್ಚಿಟ್ಟುಬಿಟ್ಟ. 2019ರಲ್ಲಿ ಚೀನಾದ ಹುಗೆನ್ ಎಂಬಾತ ಅದನ್ನು ತಿದ್ದಿ, 50 ಕಿಲೋಹರ್ಟ್ಸ್‌ನಿಂದ 900 ಮೆಗಾಹರ್ಟ್ಸ್‌ವರೆಗೆ ಅಳೆಯುವಂತೆ ಮಾಡಿ ಮಾರಾಟಕ್ಕಿಳಿಸಿದ. ಒಳಗಿರುವುದು ಚಿಲ್ಲರೆ ಬೆಲೆಯ ಚಿಪ್ಪುಗಳು. 300 ಮೆಗಾಹರ್ಟ್ಸ್ ದಾಟಿದ ಮೇಲೆ ಮೂಲ ಸಿಗ್ನಲ್ಲೇ ಇಲ್ಲ, ಅದರ ಹಾರ್ಮೋನಿಕ್ ಹಿಡಿದುಕೊಂಡು ಸಂಸಾರ ನಡೆಸುತ್ತದೆ. ಆದರೂ ಅಳತೆ ಸುಳ್ಳಲ್ಲ. ಲಕ್ಷಗಟ್ಟಲೆ ಬೆಲೆಯ ದೇವರು ಕೆಲವೇ ಸಾವಿರಕ್ಕೆ ಜೇಬಿಗೇ ಬಂದು ಕೂತರೆ ಸ್ಟೋರ್ಸ್ ರಾಯರು ಏನು ಮಾಡಬೇಕು ಹೇಳಿ. ಪೂಜೆ ಶುರು ಮಾಡಿದರು.

ಪೂಜೆ ಎಂದದ್ದು ಉತ್ಪ್ರೇಕ್ಷೆಯಲ್ಲ. ನ್ಯಾನೋ ಬಳಸುವ ಮುನ್ನ ಅದಕ್ಕೆ ಮೂರು ಪುಟಾಣಿ ತಿರುಪುಗಳನ್ನು ಒಂದೊಂದಾಗಿ ಹಾಕಿ ತೆಗೆಯಬೇಕು: ಓಪನ್, ಶಾರ್ಟ್, ಲೋಡ್. ಇದು ಕ್ಯಾಲಿಬ್ರೇಷನ್. ಕೇಶವಾಯ, ನಾರಾಯಣಾಯ, ಮಾಧವಾಯ ಎಂದು ಮೂರು ಉದ್ಧರಣೆ ನೀರು ಕುಡಿಯುವ ಹಾಗೆ. ಫ್ರೀಕ್ವೆನ್ಸಿಯ ಮೇರೆ ಬದಲಿಸಿದರೆ ಮತ್ತೆ ಆಚಮನ. ಅಡಾಪ್ಟರು ಬದಲಿಸಿದರೆ ಮತ್ತೆ. ಕೇಬಲ್ಲಿನ ಆ ತುದಿಯಲ್ಲಿ ಅಳೆಯಬೇಕೆಂದರೆ ಆಚಮನವೂ ಆ ತುದಿಯಲ್ಲೇ. ಈ ಮೂರೂ ತಿರುಪುಗಳನ್ನು ರಾಯರು ಹಳೆಯ ಕುಂಕುಮದ ಭರಣಿಯಲ್ಲಿ ಇಟ್ಟಿದ್ದಾರೆ. ಒಂದು ಸಲ ಐವತ್ತು ಓಮಿನ ಲೋಡು ಕಳೆದುಹೋಗಿ ಮನೆಯಲ್ಲಿ ಎರಡು ದಿನ ಅಡಿಗೆ ಸರಿಯಾಗಿ ಆಗಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಅವರ ಮನೆಯವರ ಮೂಗುಬೊಟ್ಟಿನ ಡಬ್ಬಿಯಲ್ಲಿ. "ಮಿಣಮಿಣ ಅಂತಿತ್ತು, ತಿರುಪೂ ಇತ್ತು, ನಂದೇ ಅಂದ್ಕೊಂಡೆ ಕಣ್ರೀ" ಎಂದರು ಆಕೆ. ಗೆರೆಗಳನ್ನು ತೋರಿಸುವ ನ್ಯಾನೋದ ಪರದೆ ಎಷ್ಟು ಚಿಕ್ಕದೆಂದರೆ ಬೆರಳಿಟ್ಟರೆ ಮೂರು ಮೆನು ಒಟ್ಟಿಗೆ ತೆರೆಯುತ್ತವೆ. ರಾಯರು ಊದುಬತ್ತಿ ಉರಿದು ಮುಗಿದ ಮೇಲೆ ಉಳಿಯುವ ಕಡ್ಡಿಯಿಂದ ಒತ್ತುತ್ತಾರೆ. ದೂರದಿಂದ ನೋಡುವವರಿಗೆ ಎಲ್ಲ ಸಾಂಗವಾಗಿ ನಡೆಯುತ್ತಿದೆ ಎಂದೇ ಕಾಣುತ್ತದೆ.

ಎರಡು ವರ್ಷದ ಹಿಂದೆ ನನ್ನ ಮನೆಯ ತಾರಸಿಯ ಮೇಲೆ ನಲವತ್ತು ಮೀಟರ್ ಬ್ಯಾಂಡಿನ ಡೈಪೋಲ್ ಆಂಟೆನಾ ಕಟ್ಟಿದೆ. ನಾನೂ ಒಂದು ನ್ಯಾನೋ ಕೊಂಡಿದ್ದೆ. 50 ಕಿಲೋಹರ್ಟ್ಸ್‌ನಿಂದ 900 ಮೆಗಾಹರ್ಟ್ಸ್‌ವರೆಗೆ ಪೂರ್ತಿ ಹಾಕಿ ನೋಡಿದರೆ ಆ ಬ್ಯಾಂಡ್ ಇರುವ ಏಳು ಮೆಗಾಹರ್ಟ್ಸ್ ಹತ್ತಿರ ಏನೂ ಇಲ್ಲ. ಹೆದರಿ ರಾಯರಿಗೆ ಫೋನ್ ಮಾಡಿದೆ. ಬಂದರು, ನೋಡಿದರು, ಮರುಕಪಟ್ಟರು. "ಇದು ಅಳೆಯೋದು ನೂರಾ ಒಂದು ಚುಕ್ಕಿ ಸಾರ್. ನೀವು ಇಡೀ ಪ್ರಪಂಚ ಹಾಕಿದ್ರೆ ಒಂದು ಚುಕ್ಕಿಗೂ ಇನ್ನೊಂದಕ್ಕೂ ಒಂಬತ್ತು ಮೆಗಾಹರ್ಟ್ಸ್ ದೂರ. ನಿಮ್ಮ ನಲವತ್ತು ಮೀಟರ್ ಬ್ಯಾಂಡು ಮಧ್ಯದಲ್ಲಿ ಬಿದ್ದು ಸತ್ತಿದೆ." ಆಚಮನ ಮಾಡಿ, ಆರರಿಂದ ಎಂಟಕ್ಕೆ ಹಾಕಿದರು. 6.85ರಲ್ಲಿ ಚೆಂದದ ಹಳ್ಳ, ಅಂದರೆ ಡಿಪ್, ಕಾಣಿಸಿತು. ತಂತಿ ಉದ್ದವಾಗಿತ್ತು, ಅಷ್ಟೆ. ಸುಮಾರು 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಡೈಪೋಲಿನ ಉದ್ದ ಬರುತ್ತದೆ, 7.1ಕ್ಕೆ ಬೇಕಾದದ್ದು ಇಪ್ಪತ್ತು ಮೀಟರ್ ಚಿಲ್ಲರೆ. ಒಂದು ಸೆಂಟಿಮೀಟರ್ ಕತ್ತರಿಸಿದರೆ ಮೂರೂವರೆ ಕಿಲೋಹರ್ಟ್ಸ್ ಮೇಲೇರುತ್ತದೆ. ಎರಡೂ ಕಡೆ ಮೂವತ್ತಾರು ಸೆಂಟಿಮೀಟರ್ ಕತ್ತರಿಸಿದ್ದರೆ ಹತ್ತು ನಿಮಿಷದಲ್ಲಿ ಕಾಫಿಗೆ ಇಳಿಯಬಹುದಿತ್ತು.

ರಾಯರು ಒಂದೊಂದು ಸಲಕ್ಕೆ ಎರಡು ಸೆಂಟಿಮೀಟರ್ ಕತ್ತರಿಸಿದರು. "ಕತ್ತರಿಸಿದ್ದು ಮತ್ತೆ ಬೆಳೆಯಲ್ಲ" ಎಂಬ ಅವರ ಮಾತನ್ನು ಒಪ್ಪಿದೆ. ಆದರೆ ಪ್ರತಿ ಕತ್ತರಿಗೂ ಮುಂಚೆ ಒಂದು ಅಳತೆ, ಆಮೇಲೆ ಒಂದು ಅಳತೆ, ಎರಡರ ಮಧ್ಯೆ ಸಂಶಯ ಬಂದರೆ ಆಚಮನ. ಮೂರನೇ ಗಂಟೆಯಲ್ಲಿ ಪಕ್ಕದ ಮನೆಯಾಕೆ ಜಿಐ ತಂತಿಯ ಮೇಲೆ ಒದ್ದೆ ಸೀರೆ ಹರವಿದರು, ಗೆರೆ ಅಲುಗಿತು. ರಾಯರು ಗೋಡೆಯ ಬಳಿ ಹೋಗಿ ಕೈಮುಗಿದು, "ಅಮ್ಮಾ, ಹತ್ತು ನಿಮಿಷ ಸೀರೆ ತೆಗೀತೀರಾ, ರಿಯಾಕ್ಟೆನ್ಸ್ ಬರ್ತಿದೆ" ಎಂದರು. ಆಕೆ ಸೀರೆಯನ್ನೂ ತೆಗೆದರು, ಒಣಗುತ್ತಿದ್ದ ಹಪ್ಪಳವನ್ನೂ ತೆಗೆದರು. ಯಾವುದು ಬರುತ್ತದೆಂದು ಯಾರಿಗೆ ಗೊತ್ತು. ಅಷ್ಟರಲ್ಲಿ ಕೆಳಗೆ, ಪಕ್ಕದ ಇನ್ನೊಂದು ಆಂಟೆನಾಕ್ಕೆ ಹಾಕಿದ್ದ ರೇಡಿಯೋದಲ್ಲಿ ಚೆನ್ನೈನ ಗೆಳೆಯರೊಬ್ಬರು ನನ್ನನ್ನು ಕೂಗುತ್ತಿದ್ದರು. ನಾನು ಎದ್ದೆ. ರಾಯರು ಕಿರುಚಿದ ರೀತಿ ಇನ್ನೂ ಕಿವಿಯಲ್ಲಿದೆ: "ಟ್ರಾನ್ಸ್‌ಮಿಟ್ ಒತ್ತಬೇಡಿ! ಹತ್ತಿರದ ಆಂಟೆನಾಕ್ಕೆ ಪವರ್ ಕೊಟ್ರೆ ನನ್ನ ನ್ಯಾನೋ ಹೋಯ್ತು!" ಮಾತು ನಿಜ. ಅದರ ಬಾಯಿ ಮಿಲಿವ್ಯಾಟಿನ ಬಾಯಿ; ಹತ್ತಿರದಿಂದ ನೂರು ವ್ಯಾಟ್ ಉಗುಳಿದರೆ ಸುಟ್ಟುಹೋಗಬಹುದು. ಚೆನ್ನೈ ಗೆಳೆಯರು ಮೂರು ಸಲ ಕೂಗಿ ಸುಮ್ಮನಾದರು.

ಕೇಬಲ್ ಪ್ರಸಂಗ ಬಿಡುವ ಹಾಗಿಲ್ಲ. ರಾಯರ ಸ್ವಂತ ಮನೆಯಲ್ಲಿ ಎರಡು ಮೀಟರ್ ಬ್ಯಾಂಡಿನ ಆಂಟೆನಾ ಮೂರನೇ ಮಹಡಿಯ ನೀರಿನ ಟ್ಯಾಂಕಿನ ಪಕ್ಕ ನಿಂತಿತ್ತು; ಅದಕ್ಕೆ ಮೂವತ್ತು ಮೀಟರ್ ಹಳೆಯ ಆರ್‌ಜಿ-58. ಈ ಕೇಬಲ್ಲು ಆ ಬ್ಯಾಂಡಿನ 145 ಮೆಗಾಹರ್ಟ್ಸ್‌ನಲ್ಲಿ ಅಷ್ಟು ಉದ್ದಕ್ಕೆ ಮುಕ್ಕಾಲು ಪಾಲು ಶಕ್ತಿಯನ್ನು ದಾರಿಯಲ್ಲೇ ನುಂಗುತ್ತದೆ. ಬದಲಾಯಿಸೋಣವೆಂದು ಇಬ್ಬರೂ ಎಸ್‌ಪಿ ರೋಡಿಗೆ ಹೋದೆವು. ಅಂಗಡಿಯಾತ ಫೋಮ್ ತುಂಬಿದ ಒಳ್ಳೆಯ ಕೇಬಲನ್ನು ಮೂವತ್ತು ಮೀಟರ್ ಎಂದು ಸುತ್ತಿ ಕೊಟ್ಟ. ರಾಯರು ಕೌಂಟರಿನ ಮೇಲೇ ನ್ಯಾನೋ ಜೋಡಿಸಿ, ಸಿಗ್ನಲ್ ಆ ತುದಿ ಮುಟ್ಟಿ ಬರುವ ಹೊತ್ತನ್ನು ಲೆಕ್ಕ ಹಾಕಿ, "ಇಪ್ಪತ್ತೈದೂ ಇಲ್ವಲ್ಲಪ್ಪಾ" ಎಂದರು. ಆತ ಒಂದೂ ಮಾತಾಡದೆ ಸುರುಳಿ ಬಿಚ್ಚಿ, ಟೇಪು ಹಿಡಿದು ಫುಟ್‌ಪಾತಿನುದ್ದಕ್ಕೂ ಅಳೆದು ತೋರಿಸಿದ. ಸರಿಯಾಗಿ ಮೂವತ್ತು. ಆರ್‌ಜಿ-58ರಲ್ಲಿ ಸಿಗ್ನಲ್ ಬೆಳಕಿನ ವೇಗದ 0.66 ಪಾಲಿನಲ್ಲಿ ಓಡುತ್ತದೆ, ಫೋಮ್ ಕೇಬಲ್ಲಿನಲ್ಲಿ 0.80ರ ಆಸುಪಾಸು, ರಾಯರು ಹಳೆಯ ಅಂಕಿಯನ್ನು ಬದಲಿಸಿರಲಿಲ್ಲ. ನೋಡಲು ನಿಂತಿದ್ದ ಜನ ನಕ್ಕರು. ರಾಯರು ಕೇಬಲ್ ಕೊಳ್ಳದೆ ಆಟೋ ಹತ್ತಿದರು. ಹಳೆಯದೇ ಉಳಿಯಿತು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನಮಗೆಲ್ಲ ಅವರ ಮನೆಗೆ ಕರೆ ಬಂತು. ಮೈಸೂರುಪಾಕು, ಖಾರ, ಕಾಫಿ. ವಿಷಯವೇನೆಂದರೆ ಅವರ ಎರಡು ಮೀಟರ್ ಆಂಟೆನಾದ ಎಸ್‌ಡಬ್ಲ್ಯುಆರ್ 1.3ಕ್ಕೆ ಇಳಿದಿತ್ತು. 145ರಲ್ಲಿ ಮಾತ್ರವಲ್ಲ, 140ರಿಂದ 150ರವರೆಗೆ ಎಲ್ಲಿ ನೋಡಿದರೂ 1.3, ಹಾಸಿಗೆ ಹಾಸಿದ ಹಾಗೆ ನೇರ ಗೆರೆ. "ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಅಳೀತಿದೀನಿ. ಮಳೆಗೆ ತಾರಸಿ ತಂಪಾಗಿ ಅರ್ಥಿಂಗ್ ಕೂಡಿಬಂದಿದೆ" ಎಂದು ಸಿದ್ಧಾಂತ ಮಂಡಿಸಿದರು. ಸ್ಮಿತ್ ಚಾರ್ಟನ್ನೂ ತೋರಿಸಿದರು. 1939ರಲ್ಲಿ ಬೆಲ್ ಲ್ಯಾಬ್ಸಿನ ಫಿಲಿಪ್ ಸ್ಮಿತ್ ಪ್ರಕಟಿಸಿದ ಆ ಚಕ್ರದಲ್ಲಿ ಮೇಲರ್ಧ ಇಂಡಕ್ಟಿವ್, ಕೆಳಗರ್ಧ ಕೆಪಾಸಿಟಿವ್, ನಟ್ಟನಡುವೆ ಐವತ್ತು ಓಮಿನ ಮೋಕ್ಷ. ರಾಯರ ಗೆರೆ ನಡುವಿನಲ್ಲೇ ಪುಟ್ಟದಾಗಿ ಸುತ್ತಿಕೊಂಡು ಕೂತಿತ್ತು. ಎಲ್ಲರೂ ಭಲೇ ಎಂದೆವು. ಮೈಸೂರುಪಾಕು ಬಾಯಲ್ಲಿದ್ದಾಗ ಇನ್ನೇನು ಹೇಳಲು ಸಾಧ್ಯ.

ಹೊಸದಾಗಿ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದಿದ್ದ ಕಾಲೇಜು ಹುಡುಗಿಯೊಬ್ಬಳು ಮಾತ್ರ ಪರದೆಯನ್ನೇ ನೋಡುತ್ತಿದ್ದಳು.

"ಅಂಕಲ್, ಡಿಪ್ ಎಲ್ಲಿ?"

"ಡಿಪ್ ಏನಮ್ಮಾ, ಪೂರ್ತಿ ಡಿಪ್ಪೇ!"

"ಪೂರ್ತಿ ಡಿಪ್ ಅಂದ್ರೆ ಡಮ್ಮಿ ಲೋಡ್ ಅಲ್ವಾ ಅಂಕಲ್?"

ಡಮ್ಮಿ ಲೋಡ್ ಎಂದರೆ ಶಕ್ತಿಯನ್ನೆಲ್ಲ ಶಾಖ ಮಾಡಿ ನುಂಗಿ, ಹೊರಗೆ ಒಂದು ಸೊಲ್ಲೂ ಬಿಡದ ರೆಸಿಸ್ಟರು. ಅದರ ಎಸ್‌ಡಬ್ಲ್ಯುಆರ್‌ನಷ್ಟು ಸೊಗಸು ಯಾವ ಆಂಟೆನಾಕ್ಕೂ ಇಲ್ಲ. ಎಲ್ಲರೂ ಕಾಫಿ ಲೋಟ ಹಿಡಿದೇ ಮೇಲೆ ಹತ್ತಿದೆವು.

ಆಂಟೆನಾ ಇರಲಿಲ್ಲ. ಗಣೇಶನ ಹಬ್ಬಕ್ಕೆ ಸುಣ್ಣಬಣ್ಣ ಮಾಡಿದವರು ಅದನ್ನು ಬಿಚ್ಚಿ, ಜೋಪಾನವಾಗಿ ಟ್ಯಾಂಕಿನ ಹಿಂದೆ ಮಲಗಿಸಿದ್ದರು. ಕೇಬಲ್ಲಿನ ಬಾಯಿ ಟ್ಯಾಂಕಿನ ಓವರ್‌ಫ್ಲೋ ಪೈಪಿನ ಕೆಳಗೆ ತೆರೆದುಕೊಂಡು ಎರಡು ತಿಂಗಳಿಂದ ನೀರು ಕುಡಿಯುತ್ತಿತ್ತು. ಹೋದ ಸಿಗ್ನಲ್ಲು ಅಲ್ಲೇ ಕರಗಿ, ವಾಪಸ್ ಬರುವಷ್ಟು ತ್ರಾಣವೇ ಉಳಿಯದೆ, ರಾಯರ ಪರದೆಯಲ್ಲಿ ಪುಣ್ಯಫಲವಾಗಿ ಕಾಣಿಸುತ್ತಿತ್ತು. ಈ ಎರಡು ತಿಂಗಳಲ್ಲಿ ಒಂದು ದಿನ ಮೈಕ್ ಎತ್ತಿ ಯಾರನ್ನಾದರೂ ಕರೆದಿದ್ದರೆ ಗೊತ್ತಾಗುತ್ತಿತ್ತು. ಕರೆದಿರಲಿಲ್ಲ.

ಅವಮಾನವಾಯಿತೆಂದು ನಾವು ತಲೆ ತಗ್ಗಿಸಿ ನಿಂತಿದ್ದರೆ ರಾಯರು ಆಗಲೇ ಕೆಳಗಿಳಿದು ಭರಣಿ ತೆರೆದಿದ್ದರು. ಆಚಮನ ಮುಗಿಸಿ, ಹಿಂದಕ್ಕೆ ಬಂದದ್ದನ್ನು ಅಳೆದು, ಅರ್ಧ ಮಾಡಿ, ಕಣ್ಣರಳಿಸಿ ಕೂಗಿದರು: "ಹೋಗೋಕೆ ಒಂಬತ್ತು ಡಿಬಿ ನಷ್ಟ! ಎಂಟರಲ್ಲಿ ಒಂದು ಪಾಲು ಮಾತ್ರ ಮೇಲಕ್ಕೆ! ಇಷ್ಟು ಚೆನ್ನಾಗಿ ಹಾಳಾಗಿರೋ ಕೇಬಲ್ ಬೆಂಗಳೂರಲ್ಲಿ ಎಲ್ಲೂ ಸಿಗಲ್ಲ ಕಣ್ರೀ!" ಅದನ್ನು ಎಸೆಯಲು ಬಿಡಲಿಲ್ಲ. ಸುತ್ತಿ, ಚೀಟಿ ಅಂಟಿಸಿ, ಕಪಾಟಿನಲ್ಲಿ ಇಟ್ಟಿದ್ದಾರೆ.

ಅದೇ ಅಂಗಡಿಯಿಂದ ನಾನೇ ಫೋಮ್ ಕೇಬಲ್ ತಂದುಕೊಟ್ಟೆ. ಆಂಟೆನಾ ಮತ್ತೆ ನಿಂತಿದೆ. ಈ ಭಾನುವಾರ ಖಂಡಿತ ಮಾತಾಡುತ್ತೇನೆ ಎಂದಿದ್ದಾರೆ ರಾಯರು. ನೀವು ಬೆಂಗಳೂರಿನ ಸುತ್ತಮುತ್ತ ಇರುವ ಹ್ಯಾಮ್ ಆಗಿದ್ದು, ನಡುಗುವ ದನಿಯೊಂದು 145ರ ಹತ್ತಿರ ಕರೆಯುವುದು ಕೇಳಿಸಿದರೆ, ದಯವಿಟ್ಟು ತಕ್ಷಣ ಉತ್ತರ ಕೊಡಿ. ಹೆಸರು ಕೇಳಿ, ಊರು ಕೇಳಿ, ಊಟ ಆಯಿತೇ ಎಂದು ಬೇಕಾದರೂ ಕೇಳಿ. ಎಸ್‌ಡಬ್ಲ್ಯುಆರ್ ಎಷ್ಟು ಎಂದು ಮಾತ್ರ ಕೇಳಬೇಡಿ. ಮೈಕ್ ಕೆಳಗಿಟ್ಟು ಎದ್ದು ಹೋಗಿಬಿಡುತ್ತಾರೆ.